ಅತ್ತಿಗೆಯ ಮಾತನ್ನು ಮುಂದೆ ತನ್ನಿ

ಗುಬ್ಬಿ ಊರಿನ ಲೇಖಕಿಗೆ ನಮಸ್ಕಾರ.

ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ.

ನೀವು ಬರೆದಿರುವುದು ಇಷ್ಟು. ಟೈಲರ್ ಕೆಲಸ ಮಾಡುವ ಅತ್ತಿಗೆಗೆ ಸ್ತನ ಕ್ಯಾನ್ಸರ್ ಆಗಿ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಸ್ತನ ತೆಗೆದ ಜಾಗದಲ್ಲಿ ಸಿಲಿಕೋನ್ ಇಂಪ್ಲಾಂಟ್, ಅಂದರೆ ಮೆತ್ತನೆಯ ಕೃತಕ ಸ್ತನ ಇಟ್ಟರು. ಎರಡು ವರ್ಷದ ಮೇಲೆ ಸುಸ್ತು, ಕೀಲುನೋವು, ಮರೆವು ಶುರುವಾಯಿತು. ತುಮಕೂರಿನಲ್ಲಿ ತಲೆಗೆ ಎಂಆರ್‌ಐ ಮಾಡಿಸಿದರೆ 'ನಾರ್ಮಲ್' ಎಂದು ಬಂತು. ಮನೆಯವರು 'ಎಲ್ಲಾ ನಿನ್ನ ಮನಸ್ಸಿನದು' ಅಂದರು. ಅಲ್ಲಿಂದ ನೀವು ವಿದೇಶದ ಮೆದುಳಿನ ಸಂಶೋಧನೆಗೆ ಹಾರಿ, 'ಸ್ಕ್ಯಾನಿನ ಕೆಂಪು ಚುಕ್ಕೆಗಳು ಅತ್ತಿಗೆಯ ನೋವನ್ನು ಸಾಬೀತು ಮಾಡಿವೆ' ಎಂದು ಮುಗಿಸಿದ್ದೀರಿ.

ಇಲ್ಲ, ಮಾಡಿಲ್ಲ. ಆ ಸ್ಕ್ಯಾನರ್ ಒಳಗೆ ನಿಮ್ಮ ಅತ್ತಿಗೆ ಮಲಗಿಯೇ ಇಲ್ಲ, ಅಲ್ವಾ?

ಎರಡು ಬೇರೆ ಪರೀಕ್ಷೆಗಳನ್ನು ಒಂದೇ ಮಾಡಿಬಿಟ್ಟಿದ್ದೀರಿ. ಆಸ್ಪತ್ರೆಯ ಎಂಆರ್‌ಐ ಗಡ್ಡೆ ಇದೆಯಾ, ರಕ್ತಸ್ರಾವ ಆಗಿದೆಯಾ ಎಂದು ನೋಡುತ್ತದೆ. ಸುಸ್ತು ಅದರಲ್ಲಿ ಕಾಣುವುದಿಲ್ಲ. ಹಾಗಾಗಿ 'ನಾರ್ಮಲ್' ಅಂದರೆ ನೋವು ಸುಳ್ಳು ಅಂತ ಅರ್ಥವಲ್ಲ. ಇದನ್ನು ನೀವು ಬಿಡಿಸಿ ಹೇಳಬೇಕಿತ್ತು. ಸಂಶೋಧಕರು ಬಳಸುವ ಎಫ್‌ಎಂಆರ್‌ಐ ಮೆದುಳಿನ ರಕ್ತದಲ್ಲಿ ಆಮ್ಲಜನಕ ಎಲ್ಲೆಲ್ಲಿ ಏರುಪೇರಾಗುತ್ತದೆ ಎಂದು ಅಳೆಯುತ್ತದೆ. ಕೆಂಪು ಬಣ್ಣ ಮೆದುಳಿನದಲ್ಲ. ಲೆಕ್ಕ ಹಾಕಿದ ಮೇಲೆ ಕಂಪ್ಯೂಟರ್ ಬಳಿಯುವುದು. ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂದು ತೋರಿಸಲು 2009ರಲ್ಲಿ ಅಮೆರಿಕದ ಸಂಶೋಧಕರು ಸತ್ತ ಸಾಲ್ಮನ್ ಮೀನನ್ನೇ ಸ್ಕ್ಯಾನರ್‌ನಲ್ಲಿಟ್ಟರು. ಅದರ ಮೆದುಳಿನಲ್ಲೂ ಚುಕ್ಕೆ ಬಂತು! ಇಂಥ ಸಂಶೋಧನೆ ಬೇಡ ಅನ್ನುತ್ತಿಲ್ಲ, ಖಂಡಿತ ಬೇಕು. ಆದರೆ ಅದು ಹೆಚ್ಚಾಗಿ ಒಂದು ಗುಂಪಿನ ಸರಾಸರಿ ಹೇಳುತ್ತದೆ, ಗುಬ್ಬಿಯ ಒಬ್ಬ ಹೆಂಗಸಿನ ಬಗ್ಗೆ ತೀರ್ಪು ಕೊಡುವುದಿಲ್ಲ.

ನಿಮ್ಮ ಲೇಖನದಲ್ಲಿ ಬರದೇ ಹೋದ ಸಂಗತಿ ಇನ್ನೂ ದೊಡ್ಡದು. ಮೊದಲ ಸಿಲಿಕೋನ್ ಇಂಪ್ಲಾಂಟ್ ಇಟ್ಟಿದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ. ಇಂಪ್ಲಾಂಟ್‌ನಿಂದ ಇಡೀ ಮೈಗೆ ಕಾಯಿಲೆ ಬರುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು 1999ರಲ್ಲಿ ಅಮೆರಿಕದ ತಜ್ಞರ ಸಮಿತಿ ವರದಿ ಕೊಟ್ಟಿತ್ತು. ಆದರೂ ಹೆಂಗಸರು ಹೇಳುವುದನ್ನು ಬಿಡಲಿಲ್ಲ. 2019ರ ಮಾರ್ಚ್‌ನಲ್ಲಿ, ಔಷಧಿ ಮತ್ತು ಇಂಪ್ಲಾಂಟ್‌ನಂಥ ಸಾಧನಗಳ ಮೇಲೆ ಕಣ್ಣಿಡುವ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಡಿಎ ಕರೆದ ಸಭೆಯಲ್ಲಿ ಎದ್ದು ನಿಂತು ತಮ್ಮ ಸುಸ್ತು, ಮರೆವು, ನೋವನ್ನು ಹೇಳಿಕೊಂಡರು. 2021ರಲ್ಲಿ ಎಫ್‌ಡಿಎ ಇಂಪ್ಲಾಂಟ್‌ಗಳಿಗೆ ಕಡುಎಚ್ಚರಿಕೆ ಕಡ್ಡಾಯ ಮಾಡಿತು, ಆಪರೇಷನ್‌ಗೆ ಮೊದಲೇ ಈ ತೊಂದರೆಗಳ ಮಾತು ಆಗಬೇಕು ಅಂದಿತು. ಕಾರಣ ಏನೆಂದು ಇನ್ನೂ ಖಚಿತವಾಗಿಲ್ಲ. ಆದರೂ ಎಚ್ಚರಿಕೆ ಬರುವಷ್ಟರಮಟ್ಟಿಗೆ ಕೆಲಸ ಮಾಡಿದ್ದು ಹೆಂಗಸರ ಬಾಯಿಮಾತು.

ನಮ್ಮ ಪಾವಗಡದ ಕಡೆ ಫ್ಲೋರೈಡ್ ನೀರು ಕುಡಿದು ಮಂಡಿ ಹಿಡಿದುಕೊಂಡ ನನ್ನ ಅಜ್ಜಿಗೂ 'ವಯಸ್ಸಾಯ್ತು ಬಿಡು' ಅಂತಲೇ ಹೇಳುತ್ತಿದ್ದರು. ಅದಕ್ಕೇ ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ.

'ಇಂಪ್ಲಾಂಟ್ ಇರುವವರೆಲ್ಲಾ ತೆಗೆಸಿಬಿಡಿ' ಎಂಬ ಸಾಲನ್ನು ಹೊಡೆದುಹಾಕಿ. ತೆಗೆಸಿದ ಮೇಲೆ ಹಲವರಿಗೆ ಹಗುರವಾಗಿದೆ, ಎಲ್ಲರಿಗೂ ಅಲ್ಲ. ಅದು ಅವರವರು ಡಾಕ್ಟರ ಜೊತೆ ಕೂತು ಮಾಡಬೇಕಾದ ತೀರ್ಮಾನ.

ಮೂರನೇ ಪುಟದಲ್ಲಿ ಒಂದು ಸಾಲಿದೆ: 'ಅಳತೆ ಚೀಟಿ ಕೈಯಲ್ಲೇ ಇತ್ತು, ಕತ್ತರಿ ಎಲ್ಲಿಡಬೇಕು ಅಂತ ತೋಚಲಿಲ್ಲ. ತಲೆಯೊಳಗೆ ಹತ್ತಿ ತುರುಕಿದ ಹಾಗಿತ್ತು.' ಇದು ಅತ್ತಿಗೆಯ ಮಾತು. ಇಲ್ಲಿಂದಲೇ ಶುರು ಮಾಡಿ. 'ಮೆದುಳಿನ ಮಂಜು' ಎಂಬ ನಿಮ್ಮ ಪದ ಇದರ ಮುಂದೆ ಸಪ್ಪೆ. ಸ್ಕ್ಯಾನಿನ ವಿಷಯ ಒಂದು ಪ್ಯಾರಾ ಇದ್ದರೆ ಸಾಕು.

ಇನ್ನೊಂದು. ಊರಿನವರಿಗೆಲ್ಲಾ ರವಿಕೆ ಹೊಲಿಯುವ ಅವರು, ಆಪರೇಷನ್ ಆದ ಮೇಲೆ ತಮ್ಮ ಅಳತೆಯನ್ನು ಯಾರಿಂದ ತೆಗೆಸಿಕೊಂಡರು? ಕೇಳಿ ನೋಡಿ. ಹೇಳಲು ಇಷ್ಟವಿಲ್ಲ ಅಂದರೆ ಬಿಟ್ಟುಬಿಡಿ. ತಿದ್ದಿದ್ದನ್ನು ನನಗೆ ಕಳಿಸುವ ಮೊದಲು ಅವರಿಗೆ ಪೂರ್ತಿ ಓದಿ ಹೇಳಿ. ಅವರು ಬೇಡ ಅಂದ ಸಾಲು ನನಗೂ ಬೇಡ.