ಕತ್ತರಿಸಿದ ಅಂಚು ಏಕೆ ಡೊಂಕಾಗುತ್ತದೆ?

ಪ್ರಶ್ನೆ: ಮಗಳ ಜಲವರ್ಣ ಚಿತ್ರಗಳಿಗೆ ಮನೆಯಲ್ಲೇ ಕಟ್ಟು ಹಾಕೋಣವೆಂದು ಮೌಂಟ್ ಬೋರ್ಡ್ (ನಡುವೆ ಕಿಟಕಿ ಕೊರೆದು ಕಟ್ಟಿನೊಳಗೆ ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟು) ಕತ್ತರಿಸುವ ಕಟರ್ ತಂದೆ. ಮೊದಮೊದಲು ಚೆನ್ನಾಗಿತ್ತು. ಈಗ ಅಂಚು ಶುರುವಿನಲ್ಲೇ ಕೊಕ್ಕೆಯಂತೆ ಬಾಗುತ್ತದೆ, ಮಧ್ಯದಲ್ಲಿ ಅಲೆಯಾಗುತ್ತದೆ, ಮೂಲೆಗಳು ಕೂಡುವುದಿಲ್ಲ. ಬ್ಲೇಡ್ ಮೂರು ಸಲ ಬದಲಿಸಿದೆ. ಯಂತ್ರವೇ ಕೆಟ್ಟಿದೆಯೇ?
— ಓದುಗರೊಬ್ಬರು, ಶಿರಸಿ

ಉತ್ತರ: ಯಂತ್ರವನ್ನು ಬಯ್ಯುವ ಮೊದಲು ಬೋರ್ಡಿನ ಅಡಿಗೆ ಏನು ಹಾಕಿದ್ದೀರಿ ಎಂದು ನೋಡಿ. ನೀವು ಅದರ ವಿಷಯ ಬರೆದೇ ಇಲ್ಲ. ನನಗೆ ಅನುಮಾನ ಅಲ್ಲೇ. ಕಟರ್ ತಂದ ದಿನ ಹಾಕಿದ ರದ್ದಿ ತುಂಡೇ ಇನ್ನೂ ಇದ್ದರೆ ಅದರ ಮೇಲೆ ಬೆರಳಾಡಿಸಿ. ಹಳೆಯ ಗೀರುಗಳು ಉಗುರಿಗೆ ಸಿಗುತ್ತವೆ. ಬ್ಲೇಡಿನ ತುದಿ ಆ ಗೀರಿಗೆ ಬಿದ್ದರೆ, ಕೆಸರು ರಸ್ತೆಯಲ್ಲಿ ಗಾಡಿಯ ಚಕ್ರ ಹಳೆಯ ಜಾಡು ಹಿಡಿದಂತೆ, ಅದು ಹೇಳಿದ ಕಡೆಗೇ ಹೋಗುತ್ತದೆ. ಮಧ್ಯದ ಅಲೆ ಬರುವುದು ಹೀಗೆ. ಕಟ್ಟು ಹಾಕುವ ಕೆಲಸಕ್ಕಿಳಿದ ಮೊದಲ ವರ್ಷ ಇದು ತಿಳಿಯದೆ ನಾನೂ ಡಬ್ಬಿಗಟ್ಟಲೆ ಬ್ಲೇಡ್ ಹಾಳುಮಾಡಿದವನೇ. ಪ್ರತಿ ಸಲವೂ ತುಂಡನ್ನು ಸ್ವಲ್ಪ ಸರಿಸಿ. ಗೀರು ತುಂಬಿದರೆ ಎಸೆಯಿರಿ.

ಇನ್ನು ಕೊಕ್ಕೆ. ಇದು ಬ್ಲೇಡ್ ಅತಿಯಾಗಿ ಹೊರಚಾಚಿದ್ದರ ಗುರುತು. ಸಾಮಾನ್ಯ ಮೌಂಟ್ ಬೋರ್ಡ್ ಒಂದೂವರೆ ಮಿಲಿಮೀಟರಿನಷ್ಟೂ ದಪ್ಪವಿರುವುದಿಲ್ಲ. ಬ್ಲೇಡ್ ಉದ್ದವಾದಷ್ಟೂ ಚುಚ್ಚುವಾಗ ಬಳುಕುತ್ತದೆ, ಓಡತೊಡಗಿದ ಮೇಲೆ ನೆಟ್ಟಗಾಗುತ್ತದೆ. ಆ ಮೊದಲ ಅರ್ಧ ಅಂಗುಲವೇ ನಿಮ್ಮ ಕೊಕ್ಕೆ. ಒಂದು ಗೀಟು ಕತ್ತರಿಸಿ, ಬೋರ್ಡ್ ಎತ್ತಿ, ಅಡಿಯ ತುಂಡನ್ನು ನೋಡಿ. ಅದರ ಮೇಲೆ ಕೂದಲೆಳೆಯಂಥ ಗೀರು ಇದ್ದರೆ ಸಾಕು, ಅರ್ಧ ದಪ್ಪ ಸೀಳಿದ್ದರೆ ಬ್ಲೇಡನ್ನು ಒಳಕ್ಕೆ ತೆಗೆದುಕೊಳ್ಳಿ. ಅದನ್ನು ಹಿಡಿದಿರುವ ತಿರುಪೂ ಬಿಗಿಯಾಗಿರಲಿ. ಪೂರ್ತಿ ಚುಚ್ಚಿ, ಒಂದು ಕ್ಷಣ ನಿಂತು, ಆಮೇಲೆ ಒಂದೇ ಒತ್ತಡದಲ್ಲಿ ಎಳೆಯಿರಿ. ನಡುವೆ ಕೈ ಬದಲಿಸಬೇಡಿ.

ಮೂಲೆಯನ್ನು ಈ ಆಳ ಸರಿಯಾದ ಮೇಲೆಯೇ ಮುಟ್ಟಿ. ಬ್ಲೇಡ್ ಎಷ್ಟು ಹೊರಗಿದೆ ಎಂಬುದರ ಮೇಲೆ ಮುಂಬದಿಯಲ್ಲಿ ಗೀಟು ಎಲ್ಲಿ ಮುಗಿಯುತ್ತದೆ ಎಂಬುದೂ ಬದಲಾಗುತ್ತದೆ. ಮೊದಲು ಮೂಲೆ ಹೊಂದಿಸಿ ಆಮೇಲೆ ಆಳ ತಿದ್ದಿದವರು ಎರಡನ್ನೂ ಮತ್ತೆ ಮಾಡಬೇಕು. ಕತ್ತರಿಸುವುದು ಹಿಂಬದಿಯಿಂದ, ಅಂಚು 45 ಡಿಗ್ರಿ ಓರೆ. ಆದ್ದರಿಂದ ಹಿಂದಿನ ಪೆನ್ಸಿಲ್ ಗೆರೆಯನ್ನು ತುಸು ದಾಟಿದರೆ ಮಾತ್ರ ಮುಂದಿನ ಮೂಲೆ ಕೂಡುತ್ತದೆ. ಎಷ್ಟು ದಾಟಬೇಕೆಂದು ಬೇಡದ ಬೋರ್ಡಿನ ಚೂರೊಂದನ್ನು ಕತ್ತರಿಸಿ ಕಂಡುಕೊಳ್ಳಿ. ಮೂಲೆ ಅಂಟಿಕೊಂಡೇ ಉಳಿದರೆ ಜಗ್ಗಬೇಡಿ, ನಾರು ಕಿತ್ತುಬರುತ್ತದೆ. ಬಿಡಿ ಬ್ಲೇಡನ್ನು ಅದೇ ಓರೆಯಲ್ಲಿ ತೂರಿಸಿ ಬಿಡಿಸಿ. ಗೀಟು ಜಾಸ್ತಿ ಹೋಗಿದ್ದರೆ ಮುಂಬದಿಯಲ್ಲಿ ಚಮಚದ ಬೆನ್ನಿನಿಂದ ಮೆಲ್ಲಗೆ ಉಜ್ಜಿ. ಪೂರ್ತಿ ಮಾಯವಾಗದು, ಆದರೆ ಗಾಜಿನ ಹಿಂದೆ ಹುಡುಕಿದರಷ್ಟೇ ಕಾಣುತ್ತದೆ.

ಬ್ಲೇಡಿನ ಬಗ್ಗೆ ನಿಮಗೆ ಹೇಳಿಕೊಡಬೇಕೇ? ಮೊಂಡು ಅಡಕತ್ತರಿ ಅಡಿಕೆಯನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ನಿಮ್ಮ ಊರಿನ ಮಳೆಗಾಲದಲ್ಲಿ ತೇವ ಹೀರಿದ ಬೋರ್ಡಿಗಂತೂ ಹೊಸ ಬ್ಲೇಡ್ ಹಾಕಿದರೂ ಅಂಚು ಜುಂಗುಜುಂಗಾಗುತ್ತದೆ. ಬೋರ್ಡುಗಳನ್ನು ಗೋಡೆಗೆ ಒರಗಿಸದೆ ಪ್ಲಾಸ್ಟಿಕ್ ಹೊದಿಸಿ ಮಟ್ಟಸವಾಗಿ ಮಲಗಿಸಿಡಿ.

ಇಷ್ಟಕ್ಕೂ ಸರಿಹೋಗದಿದ್ದರೆ ಕೆಟ್ಟ ಬೋರ್ಡಿನ ತುಂಡನ್ನು ಅಂಚೆಯಲ್ಲಿ ಕಳುಹಿಸಿ, ಫೋಟೊ ಬೇಡ. ಜೊತೆಗೆ ಅದರ ಅಡಿಗೆ ಹಾಕಿದ್ದ ತುಂಡೂ ಇರಲಿ.