ಧ್ಯಾನದಲ್ಲಿ ಮೊದಮೊದಲು ಸಿಕ್ಕ ಶಾಂತಿ ಈಗ ಸಿಗುತ್ತಿಲ್ಲ. ಮೊದಲಿನ ಶಾಂತಿ ಮತ್ತೆ ಬೇಕು. ಆನಾಪಾನಸತಿ (ಉಸಿರಿನ ಮೇಲೆ ಗಮನವಿಡುವ ಧ್ಯಾನ) ಬಿಟ್ಟು ವಿಪಸ್ಸನಾಕ್ಕೆ (ದೇಹ-ಮನಸ್ಸಿನಲ್ಲಿ ಆಗುವುದನ್ನು ಇದ್ದಂತೆ ನೋಡುವ ಧ್ಯಾನ) ಹೋಗಲೇ?

ಬೇಡ. ‘ಮೊದಲಿನ ಶಾಂತಿ ಮತ್ತೆ ಬೇಕು’ ಅಂತ ಬರೆದಿದ್ದೀರಲ್ಲ, ನಿಮಗೆ ಕಾಟ ಕೊಡುತ್ತಿರುವುದು ಅದೇ. ವಿಧಾನದ ಮೇಲೆ ಯಾಕೆ ತಪ್ಪು ಹೊರಿಸುತ್ತೀರಿ? ನಾನೂ ಇದೇ ಹಳ್ಳಕ್ಕೆ ಬಿದ್ದು ಬಹಳ ಕಾಲ ಮೇಲೇಳದವನು.

ಶುರುವಿನಲ್ಲಿ, ಏನೂ ಗೊತ್ತಿಲ್ಲದೆ ಕೂರುತ್ತಿದ್ದಾಗ, ಒಂದು ಬೆಳಿಗ್ಗೆ ಉಸಿರು ತೀರಾ ಸಣ್ಣದಾಯಿತು. ಮೂಗಿನ ತುದಿಯಲ್ಲಿ ಒಂದಿಷ್ಟು ತಂಪು ಬಿಟ್ಟರೆ ಬೇರೇನೂ ಇಲ್ಲ. ಕೈಗಳು ಎಲ್ಲಿವೆ ಅನ್ನುವುದೂ ತಿಳಿಯುತ್ತಿರಲಿಲ್ಲ. ಎದ್ದ ಮೇಲೂ ಆ ಹಗುರ ಮಧ್ಯಾಹ್ನದವರೆಗೆ ಉಳಿದಿತ್ತು.

ಮಾರನೇ ದಿನದಿಂದ ನಾನು ಧ್ಯಾನ ಮಾಡಲೇ ಇಲ್ಲ. ಕೂರುತ್ತಿದ್ದೆ, ನಿಜ. ಕಣ್ಣು ಮುಚ್ಚಿದ ಕೂಡಲೇ ಒಳಗೆ ತಪಾಸಣೆ ಶುರುವಾಗುತ್ತಿತ್ತು: ಬಂತಾ? ಇನ್ನೂ ಇಲ್ಲವಾ? ಉಸಿರು ಅವತ್ತಿನಷ್ಟು ಸಣ್ಣಗಾಗದಿದ್ದರೆ ನಾನೇ ಸಣ್ಣ ಮಾಡುತ್ತಿದ್ದೆ, ಹೊರಬಿಟ್ಟ ಮೇಲೆ ಒಂಚೂರು ತಡೆದು ಹಿಡಿದು. ಹುಬ್ಬುಗಳ ನಡುವೆ ಗಂಟು. ಹಲ್ಲು ಕಚ್ಚಿಕೊಂಡಿದ್ದೆ ಅನ್ನುವುದು ಎದ್ದ ಮೇಲೆ ದವಡೆ ನೋಯುವಾಗಲೇ ಗೊತ್ತಾಗುತ್ತಿದ್ದದ್ದು. ಶಾಂತಿ ಬರಲಿಲ್ಲವೆಂದರೆ ಇನ್ನಷ್ಟು ಹೊತ್ತು, ಆಗಲೂ ಬರಲಿಲ್ಲವೆಂದರೆ ಇನ್ನಷ್ಟು ಬಿಗಿ. ಬಾಗಿಲಾಚೆ ಪಾತ್ರೆ ಸದ್ದಾದರೆ ಸಿಡಿದು ಬೀಳುತ್ತಿದ್ದೆ. ‘ಧ್ಯಾನ ಶುರು ಮಾಡಿದ ಮೇಲೆ ನಿನ್ನ ಸಿಟ್ಟು ಜಾಸ್ತಿಯಾಗಿದೆ ಕಣೋ’ ಅಂತ ಅಕ್ಕ ಅಂದಾಗ ಅವಳ ಮೇಲೂ ರೇಗಿದೆ. ಕೊನೆಗೆ ತಲೆನೋವು ಖಾಯಂ ಆಗಿ, ಕೂರುವುದನ್ನೇ ಬಿಟ್ಟು, ವರ್ಷಗಟ್ಟಲೆ ಆ ಕಡೆ ತಲೆ ಹಾಕಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ‘ನಿರೀಕ್ಷೆ ಇಟ್ಟುಕೊಳ್ಳಬೇಡ’ ಅಂತ ನನಗೂ ಹೇಳಿದ್ದರು, ನಯಾಪೈಸೆ ಉಪಯೋಗವಾಗಲಿಲ್ಲ. ಉಪಯೋಗವಾದದ್ದು ಬುದ್ಧನ ಉಪದೇಶಗಳ ಸಂಗ್ರಹವಾದ ಮಜ್ಝಿಮ ನಿಕಾಯದ 10ನೇ ಸುತ್ತ (ಉಪದೇಶ), ಸತಿಪಟ್ಠಾನ, ಅಂದರೆ ಎಚ್ಚರವನ್ನು ನೆಲೆಗೊಳಿಸುವುದು. ಕುರು ದೇಶದ ಕಮ್ಮಾಸಧಮ್ಮ ಎಂಬ ಪಟ್ಟಣದಲ್ಲಿ ಬುದ್ಧ ಭಿಕ್ಷುಗಳಿಗೆ ಹೇಳಿದ್ದು. ಕಾಯ (ದೇಹ), ವೇದನೆ (ಇಲ್ಲಿ ನೋವಲ್ಲ, ಸುಖವೋ ದುಃಖವೋ ಎರಡೂ ಅಲ್ಲದ್ದೋ ಆದ ಅನುಭವ), ಚಿತ್ತ (ಮನಸ್ಸು), ಧಮ್ಮ (ಮನಸ್ಸಿಗೆ ಬರುವ ವಿಷಯಗಳು) ಅಂತ ನಾಲ್ಕನ್ನು ಗಮನಿಸಬೇಕು ಅನ್ನುವುದು ಅಭ್ಯಾಸ ಮಾಡುವ ಎಲ್ಲರಿಗೂ ಗೊತ್ತು. ನಾಲ್ಕರ ಜೊತೆಗೂ ಒಂದು ಷರತ್ತು ಅಂಟಿಕೊಂಡು ಬರುತ್ತದೆ, ಅದನ್ನು ನಾವು ಓದಿ ದಾಟಿಬಿಡುತ್ತೇವೆ: ಲೋಕದ ಬಗೆಗಿನ ಆಸೆಯನ್ನೂ ಬೇಸರವನ್ನೂ ಬದಿಗಿಟ್ಟು ಗಮನಿಸಬೇಕು. ನಾನು ದಿನಾ ಆಸೆ ಹೊತ್ತು ಕೂತು ಬೇಸರ ಹೊತ್ತು ಏಳುತ್ತಿದ್ದೆ.

ಅದೇ ಸುತ್ತ ವೇದನೆಯ ಬಗ್ಗೆ ಹೇಳುವುದು ಇಷ್ಟೇ: ಸುಖವಾದಾಗ ಸುಖ ವೇದನೆ ಎಂದು ತಿಳಿ. ನನಗೆ ಆ ಬೆಳಿಗ್ಗೆ ಆದದ್ದು ಒಂದು ಸುಖ ವೇದನೆ. ನಾನದಕ್ಕೆ ‘ಸಾಧನೆ’ ಅಂತ ಹೆಸರಿಟ್ಟು ಬೆನ್ನು ಹತ್ತಿದೆ. ಸುಖ ವೇದನೆಯ ಅಡಿಯಲ್ಲಿ ರಾಗ, ಅಂದರೆ ಅಂಟು, ಮಲಗಿರುತ್ತದೆ ಅಂತ ಅದೇ ಸಂಗ್ರಹದ ಚೂಳವೇದಲ್ಲ ಸುತ್ತದಲ್ಲಿ ಭಿಕ್ಷುಣಿ ಧಮ್ಮದಿನ್ನಾ ಹೇಳುತ್ತಾಳೆ. (ಎಲ್ಲ ಸುಖದಲ್ಲೂ ಅಲ್ಲ, ಪ್ರಥಮ ಧ್ಯಾನ ಎಂಬ ಆಳವಾದ ಏಕಾಗ್ರತೆಯದ್ದನ್ನು ಆಕೆಯೇ ಹೊರಗಿಡುತ್ತಾಳೆ. ನನ್ನದು ಅಷ್ಟು ಎತ್ತರದ್ದಾಗಿರಲಿಲ್ಲ ಬಿಡಿ.) ಇನ್ನು ಸತಿಪಟ್ಠಾನ ಸುತ್ತದ ಚಿತ್ತದ ಭಾಗದಲ್ಲಿ, ಚದುರಿದ ಚಿತ್ತವನ್ನು ಚದುರಿದ ಚಿತ್ತ ಎಂದೇ ತಿಳಿಯುತ್ತಾನೆ ಅಂತ ಇದೆ. ಅಂದರೆ ‘ಇವತ್ತು ಸರಿ ಆಗಲಿಲ್ಲ’ ಅಂತ ನೀವು ತಳ್ಳಿಹಾಕಿದ ದಿನಗಳಲ್ಲೂ, ಚದುರಿದ್ದು ಗೊತ್ತಾಗಿದ್ದರೆ, ಅಭ್ಯಾಸ ನಡೆದೇ ಇತ್ತು.

ಉಪಯೋಗವಾದ ಇನ್ನೊಂದು, ಸಂಯುತ್ತ ನಿಕಾಯ ಎಂಬ ಬೇರೊಂದು ಸಂಗ್ರಹದ ಅಗ್ಗಿ (ಬೆಂಕಿ) ಸುತ್ತ. ಮನಸ್ಸು ಜಡವಾಗಿದ್ದಾಗ ಶಾಂತಗೊಳಿಸಲು ಹೋದರೆ ಸಣ್ಣ ಬೆಂಕಿಗೆ ಹಸಿ ಹುಲ್ಲು ಹಾಕಿದಂತೆ, ಕೆರಳಿದ್ದಾಗ ಪ್ರಯತ್ನದ ಬಿರುಸು ಹೆಚ್ಚಿಸಿದರೆ ದೊಡ್ಡ ಬೆಂಕಿಗೆ ಒಣ ಹುಲ್ಲು ಹಾಕಿದಂತೆ. ಎಚ್ಚರ, ಅಂದರೆ ಸತಿ, ಒಂದೇ ಎಲ್ಲ ಹೊತ್ತಿಗೂ ಬೇಕಾದದ್ದು. ನಾನು ಒಣ ಹುಲ್ಲು ಒಟ್ಟುತ್ತಲೇ ಇದ್ದೆ.

ಈಗ ನಿಮ್ಮ ‘ಅದಾ ಇದಾ’ ಪ್ರಶ್ನೆ. ಆ ಪ್ರಶ್ನೆಯೇ ಸರಿಯಿಲ್ಲ. ವಿಪಸ್ಸನಾ ನಿಂತಿರುವುದೂ ಮೇಲೆ ಹೇಳಿದ ನಾಲ್ಕನ್ನು ಗಮನಿಸುವುದರ ಮೇಲೆಯೇ. ಆನಾಪಾನಸತಿಯನ್ನು ಬೆಳೆಸಿದರೆ ನಾಲ್ಕು ಸತಿಪಟ್ಠಾನಗಳೂ ತುಂಬಿ ಬರುತ್ತವೆ ಅಂತ ಮಜ್ಝಿಮ ನಿಕಾಯದ 118ನೇ ಸುತ್ತದಲ್ಲೇ ಇದೆ. ವಿಪಸ್ಸನಾ ಕಲಿಸುವ ಗೋಯೆಂಕಾ ಪರಂಪರೆಯ 10 ದಿನದ ಶಿಬಿರದಲ್ಲೂ ಮೊದಲ ಮೂರು ದಿನ ಉಸಿರೇ. ಅಲ್ಲಿಗೆ ಹೋದರೂ ‘ಬಂತಾ?’ ಅನ್ನುವವನು ನಿಮ್ಮ ಜೊತೆಗೇ ಬರುತ್ತಾನೆ. ಆ 118ನೇ ಸುತ್ತದ 16 ಹಂತಗಳನ್ನೂ ಒಮ್ಮೆ ನೋಡಿ: ಉಸಿರು ದೀರ್ಘವಾಗಿದ್ದರೆ ದೀರ್ಘ ಎಂದು, ಚಿಕ್ಕದಾಗಿದ್ದರೆ ಚಿಕ್ಕದು ಎಂದು ತಿಳಿಯುವುದು ಮೊದಲು. ಕಾಯವನ್ನು ತಣಿಸುವ ಮಾತು ಬರುವುದು ನಾಲ್ಕನೆಯದರಲ್ಲಿ. ನಾವಿಬ್ಬರೂ ಮೂರನ್ನು ಹಾರಿ ನಾಲ್ಕಕ್ಕೆ ಕೈ ಚಾಚಿದವರು.

ಅಂದಹಾಗೆ, ಸತಿಪಟ್ಠಾನ ಸುತ್ತದ ಕೊನೆಯಲ್ಲಿ, ಎಷ್ಟು ಕಾಲ ಅಭ್ಯಾಸ ಮಾಡಿದರೆ ಫಲ ಅಂತ ಹೇಳುವಾಗ, ಏಳು ವರ್ಷ, ಆರು ವರ್ಷ ಅನ್ನುತ್ತಾ ಏಳು ದಿನಕ್ಕೆ ಇಳಿಯುತ್ತದಲ್ಲ, ಆ ಭಾಗ ನಮ್ಮಂಥ ಅವಸರದವರ ತಲೆ ಕೆಡಿಸಲಿಕ್ಕೇ ಇದೆ ಅಂತ ನನ್ನ ಅನುಮಾನ. ಸದ್ಯಕ್ಕೆ ಅದನ್ನು ಓದಬೇಡಿ.

ನೀವು ಮಾಡಬೇಕಾದದ್ದು: ‘ಬಂತಾ?’ ಅನ್ನುವ ಯೋಚನೆ ಬಂದಾಗ ಅದನ್ನು ಓಡಿಸಬೇಡಿ, ಆಸೆ ಬಂದಿದೆ ಅಂತ ಗುರುತಿಸಿ. ಆಗ ದವಡೆ, ಹಣೆ ಏನು ಮಾಡುತ್ತಿವೆ ನೋಡಿ. ಕೆರಳಿದ ದಿನ ಹೊತ್ತು ಹೆಚ್ಚಿಸಬೇಡಿ, ಎದ್ದು ನಡೆಯಿರಿ. ನಡೆಯುವುದು, ನಿಲ್ಲುವುದು, ತಿನ್ನುವುದು ಎಲ್ಲವೂ ಆ ಸುತ್ತದ ಕಾಯದ ಭಾಗದಲ್ಲಿವೆ. ನಾನು ಮತ್ತೆ ಶುರು ಮಾಡಿದ್ದು ನಡಿಗೆಯಿಂದಲೇ, ಕೂರುವ ಧೈರ್ಯ ಆಮೇಲೆ ಬಂತು.

ಇದು ಬರೀ ಶಾಂತಿ ಸಿಗದ ಬೇಸರವಾದರೆ ಮಾತ್ರ. ನಿದ್ದೆ ಕೆಡುತ್ತಿದ್ದರೆ, ಕೂತಾಗ ಭಯ ಏರುತ್ತಿದ್ದರೆ ನಿಲ್ಲಿಸಿ ಮನೋವೈದ್ಯರನ್ನು ನೋಡಿ. ‘ಹಳೇ ಕರ್ಮ ಹೊರಗೆ ಬರ್ತಿದೆ, ಮುಂದುವರಿಸಿ’ ಅನ್ನುವವರು ಸಿಗುತ್ತಾರೆ, ಅವರ ಮಾತಿಗೆ ಕಿವಿ ಕೊಡಬೇಡಿ.