ಫಾಂಟ್ ಇರುವಾಗ ಕಲಮ್ ಯಾಕೆ?

ಪ್ರಿಯ ಶಿಕ್ಷಕಿಯವರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಇಸ್ಲಾಮಿಕ್ ಶಾಲೆಗೆ ಟ್ಯಾಬ್ಲೆಟ್‌ಗಳು ಬಂದಿವೆ. ವಾರಕ್ಕೊಂದಿದ್ದ ಖತ್ (ಅರಬಿ ಅಕ್ಷರಗಳ ಚೆಂದಬರಹ) ತರಗತಿ ನಿಲ್ಲಿಸಿ ಆ ಹೊತ್ತನ್ನೂ ಪರದೆಗೇ ಕೊಡೋಣ ಅನ್ನುತ್ತಿದೆ ಕಮಿಟಿ. "ಒಂದು ಬಟನ್ ಒತ್ತಿದರೆ ಚೆಂದದ ಅಕ್ಷರ ಬರುವಾಗ ಮಗು ಬೆರಳಿಗೆಲ್ಲ ಮಸಿ ಮೆತ್ತಿಕೊಳ್ಳೋದು ಯಾಕೆ?" ಅಂತ ಅವರು ಕೇಳಿದಾಗ ನಿಮಗೆ ಉತ್ತರ ಹೊಳೆಯಲಿಲ್ಲವಂತೆ. ಜೊತೆಗೆ ನಿಮ್ಮ ವಿದ್ಯಾರ್ಥಿಯೊಬ್ಬ ಗೋಡೆಚಿತ್ರವೊಂದರ ಫೋಟೊ ತೋರಿಸಿ "ಇದೂ ಖತ್ತಾ?" ಅಂದನಂತೆ.

ತರಗತಿ ನಿಲ್ಲಿಸಬೇಡಿ. ಟ್ಯಾಬ್ಲೆಟ್ ಕೂಡ ಇರಲಿ. ಆದರೆ ಮೊದಲು ಕಲಮ್, ಅಂದರೆ ಜೊಂಡಿನ ಲೇಖನಿ, ಆಮೇಲೆ ಪರದೆ. ಯಾಕೆ ಅಂತ ಹೇಳುತ್ತೇನೆ.

ಬಟನ್ ಒತ್ತಿದರೆ ಬರುವ ಆ ಅಕ್ಷರವನ್ನೂ ಯಾರೋ ಕೈಯಲ್ಲೇ ಬರೆದಿದ್ದಾರೆ. ಮದೀನಾದಲ್ಲಿ ಅಚ್ಚಾಗುವ, ಮಕ್ಕಳು ದಿನಾ ತೆರೆಯುವ 604 ಪುಟಗಳ ಕುರ್‌ಆನ್ ಇದೆಯಲ್ಲ, ಅದು ಉಸ್ಮಾನ್ ತಾಹಾ ಅವರ ಕೈಬರಹ. ಪ್ರತಿ ಪುಟವೂ ಒಂದು ಆಯತ್ (ವಚನ) ಮುಗಿಯುವಲ್ಲೇ ಮುಗಿಯುವಂತೆ ಬರೆದಿದ್ದು. ಉರ್ದುವಿನ ಕಥೆಯೂ ಇದೇ. ಪಾಕಿಸ್ತಾನದ ಮಿರ್ಜಾ ಅಹ್ಮದ್ ಜಮೀಲ್ 15 ಸಾವಿರಕ್ಕೂ ಹೆಚ್ಚು ಅಕ್ಷರಜೋಡಣೆಗಳನ್ನು ಒಂದೊಂದಾಗಿ ಕೈಯಲ್ಲಿ ಬರೆದರು. ಅದರಿಂದಲೇ ನೂರಿ ನಸ್ತಾಲೀಕ್ ಫಾಂಟ್ ಹುಟ್ಟಿದ್ದು, 1981ರಲ್ಲಿ ಲಾಹೋರ್‌ನ ಜಂಗ್ ಪತ್ರಿಕೆ ಕಂಪ್ಯೂಟರಿನಲ್ಲಿ ಅಚ್ಚಾಗಿದ್ದು. ಅಲ್ಲಿಯವರೆಗೆ ಉರ್ದು ಪತ್ರಿಕೆಗಳನ್ನು ಕಾತಿಬರು ಕೂತು ಬರೆಯುತ್ತಿದ್ದರು. ಇವತ್ತಿನ ಮಕ್ಕಳಲ್ಲಿ ಯಾರೂ ಕಲಮ್ ಹಿಡಿಯದಿದ್ದರೆ ನಾಳೆಯ ಫಾಂಟಿಗೆ ಅಕ್ಷರ ಎಲ್ಲಿಂದ ತರೋದು?

ಕಮಿಟಿಯವರಿಗೆ ಇದಕ್ಕಿಂತ ಹತ್ತಿರದ ಉತ್ತರ ಬೇಕು ಅಂದರೆ ಒಂದು ಪರೀಕ್ಷೆ ಮಾಡಿ. ಬರೀ ಟೈಪ್ ಮಾಡಿ ಕಲಿತ ಮಗುವಿಗೆ ಪದದ ನಡುವೆ ಐನ್ ಅನ್ನುವ ಅರಬಿ ಅಕ್ಷರ ಬರೆಯಲು ಹೇಳಿ. ಪದದ ಮೊದಲಲ್ಲಿ ಐನ್ ಬಾಯಿ ತೆರೆದಿರುತ್ತದೆ. ನಡುವೆ ಬಂದರೆ ಮುಚ್ಚಿಕೊಂಡು ಗಂಟಾಗುತ್ತದೆ. ಕೊನೆಯಲ್ಲಿ ಬಾಲ ಬೆಳೆಯುತ್ತದೆ. ಟೈಪ್ ಮಾಡುವಾಗ ಈ ರೂಪಗಳನ್ನು ಯಂತ್ರವೇ ಆರಿಸಿಬಿಡುತ್ತದೆ, ಮಗು ಅದೇ ಕೀ ಒತ್ತುತ್ತಿರುತ್ತದೆ ಅಷ್ಟೇ. ಓದಲು ಬರುತ್ತದೆ, ಬರೆ ಅಂದರೆ ಕೈ ನಿಂತುಹೋಗುತ್ತದೆ.

ನಾನು ಒಮ್ಮೆ ಒಬ್ಬ ಹಿರಿಯ ಖತ್ತಾತರ ಪಕ್ಕ ಅರ್ಧ ದಿನ ಕೂತಿದ್ದೆ. ಅವರು ಮೊದಲು ಅಕ್ಷರ ಬರೆಯಲಿಲ್ಲ. ಜೊಂಡಿನ ಕಲಮಿನ ತುದಿಯನ್ನು ಓರೆಯಾಗಿ ಕತ್ತರಿಸಿದರು. ಮಸಿಗೆ ಅದ್ದಿ, ಕಾಗದದ ಮೇಲಿಟ್ಟು, ತುದಿಯ ಅಗಲದಷ್ಟೇ ಎಳೆದು ಎತ್ತಿದರು. ಒಂದು ಚುಕ್ಕಿ ಆಯಿತು. ದುಂಡಗಲ್ಲ, ಮೂಲೆಯ ಮೇಲೆ ನಿಂತ ಚೌಕದ ಹಾಗೆ. ಅದರ ಕೆಳಗೆ ಇನ್ನೊಂದು, ಮತ್ತೊಂದು, ಹೀಗೆ ಏಳು. ಆಮೇಲೆ ಆ ಏಳರ ಪಕ್ಕ ಉಸಿರು ಹಿಡಿದು ಒಂದು ಅಲಿಫ್ (ನೇರ ಗೆರೆಯಂತಿರುವ ಮೊದಲ ಅಕ್ಷರ) ಇಳಿಸಿದರು. ಅಳತೆ ಸರಿಯಾಗಿ ಏಳು ಚುಕ್ಕಿ. ಸುಲುಸ್ ಶೈಲಿಯಲ್ಲಿ ಅಲಿಫಿಗೆ ಸಾಮಾನ್ಯವಾಗಿ ಏಳು, ನಸ್ಖ್‌ನಲ್ಲಿ ಐದು, ನಸ್ತಾಲೀಕ್‌ನಲ್ಲಿ ಮೂರು. ಸಾವಿರ ವರ್ಷಕ್ಕೂ ಹಿಂದೆ ಬಾಗ್ದಾದಿನ ವಜೀರ ಇಬ್ನ್ ಮುಕ್ಲಾ ಹಾಕಿಕೊಟ್ಟ ಲೆಕ್ಕದ ದಾರಿ ಇದು. ಚುಕ್ಕಿಯಿಂದ ಅಲಿಫ್, ಅಲಿಫಿನಿಂದ ವೃತ್ತ, ಆ ವೃತ್ತದಿಂದ ಉಳಿದ ಅಕ್ಷರ. ರಾಜಕೀಯದ ದ್ವೇಷದಲ್ಲಿ ಅವರ ಬಲಗೈಯನ್ನೇ ಕತ್ತರಿಸಿದರು. 940ರಲ್ಲಿ ಸೆರೆಮನೆಯಲ್ಲಿ ತೀರಿಕೊಂಡರು. ಅವರ ಅಳತೆ ಮಾತ್ರ ಇವತ್ತಿಗೂ ಉಳಿದಿದೆ.

ಕನ್ನಡದಲ್ಲಿ 'ತಿದ್ದು' ಅಂತ ಒಂದು ಒಳ್ಳೆಯ ಮಾತಿದೆ. ಅಕ್ಷರದ ಮೇಲೆ ಕೈಯಾಡಿಸಿ ಕಲಿಯೋದೂ ತಿದ್ದೋದೇ, ತಪ್ಪು ಸರಿಮಾಡೋದೂ ತಿದ್ದೋದೇ. ಖತ್ ಕಲಿಕೆ ಪೂರ್ತಿ ಈ ಒಂದು ಮಾತಿನಲ್ಲಿದೆ. ಶಿಷ್ಯ ಮಶ್ಕ್, ಅಂದರೆ ಅಭ್ಯಾಸದ ಬರಹ, ಬರೆದು ತರುತ್ತಾನೆ. ಉಸ್ತಾದರು ಅದರ ಕೆಳಗೆ ಸರಿಯಾದ ರೂಪ ಬರೆದು, ಎಷ್ಟು ಚುಕ್ಕಿ ಕಮ್ಮಿಯಾಯಿತು, ಎಲ್ಲಿ ಜಾಸ್ತಿ ಬಾಗಿತು ಅಂತ ತೋರಿಸುತ್ತಾರೆ. ವರ್ಷಗಟ್ಟಲೆ ಹೀಗೆ ನಡೆದ ಮೇಲೆ ಇಜಾಝಾ, ಅಂದರೆ ತನ್ನ ಬರಹಕ್ಕೆ ತನ್ನ ಹೆಸರು ಹಾಕುವ ಅನುಮತಿ.

ಟ್ಯಾಬ್ಲೆಟ್ ಮೇಲೆ ನನಗಿರುವ ದೊಡ್ಡ ತಕರಾರು ಅದರ ಅಳಿಸುವ ಬಟನ್ ಬಗ್ಗೆ. ಮಸಿಯಲ್ಲಿ ತಪ್ಪಿದ ಗೆರೆ ಕಣ್ಣೆದುರೇ ಇರುತ್ತದೆ, ಮುಂದಿನ ಗೆರೆಗೆ ಅದೇ ಪಾಠ. ಪರದೆಯಲ್ಲಿ ಮಗು ತಪ್ಪನ್ನು ನೋಡುವ ಮೊದಲೇ ಅಳಿಸಿರುತ್ತದೆ. ಇನ್ನೊಂದು ವಿಷಯ, ಸುಲುಸ್ ಬರೆಯುವಾಗ ಗೆರೆಯ ಕೊನೆಯಲ್ಲಿ ಕಲಮನ್ನು ಬೆರಳ ನಡುವೆ ಚೂರು ತಿರುಗಿಸಿ ಅದರ ಮೂಲೆಯಿಂದ ಮುಗಿಸುತ್ತಾರೆ. ಆಪಲ್ ಪೆನ್ಸಿಲ್‌ಗೆ ಈ ತಿರುಗುವಿಕೆ ತಿಳಿಯತೊಡಗಿದ್ದು 2024ರ ಪ್ರೊ ಮಾದರಿಯಿಂದ. ಶಾಲೆಗಳಿಗೆ ಬರುವ ಸಾದಾ ಸ್ಟೈಲಸ್‌ಗೆ ಅದು ಗೊತ್ತಾಗುವುದಿಲ್ಲ.

ಆದರೆ ಪರದೆಯಿಂದ ಆಗುವ ಒಳ್ಳೆಯದೂ ಚಿಕ್ಕದಲ್ಲ. ಬಾಗ್ದಾದಿನ ಹಳೆಯ ಖತ್ತಾತ ಇಬ್ನುಲ್ ಬವ್ವಾಬ್ ಕೈಯ ಕುರ್‌ಆನ್ ಡಬ್ಲಿನ್‌ನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಅದರ ಪುಟವನ್ನು ದೊಡ್ಡದು ಮಾಡಿ ಮಸಿ ಎಲ್ಲಿ ತೆಳುವಾಯಿತು ಅಂತ ಮಕ್ಕಳಿಗೆ ತೋರಿಸಬಹುದು. ಮಗುವಿನ ಬರಹದ ಫೋಟೊ ತೆಗೆದು ಉಸ್ತಾದರ ಬರಹದ ಮೇಲೆ ತೆಳ್ಳಗೆ ಇಟ್ಟು ಹೋಲಿಸಬಹುದು. ಹತ್ತಿರ ಖತ್ತಾತರಿಲ್ಲ ಅಂದರೆ ದೂರದವರಿಗೆ ಕಳಿಸಿ ತಿದ್ದಿಸಬಹುದು. ದೂರಪಾಠ ಹೊಸದೇನಲ್ಲ. ಅಮೆರಿಕದ ಮೊಹಮ್ಮದ್ ಝಕರಿಯಾ ಇಸ್ತಾಂಬುಲ್‌ನ ಹಸನ್ ಚೆಲೆಬಿ ಅವರಿಗೆ ಅಂಚೆಯಲ್ಲಿ ಮಶ್ಕ್ ಕಳಿಸಿ, ತಿದ್ದಿಸಿಕೊಂಡು ಕಲಿತರು. 1988ರಲ್ಲಿ ಇಜಾಝಾ ಪಡೆದರು. 2001ರಲ್ಲಿ ಬಂದ ಅಮೆರಿಕದ ಈದ್ ಅಂಚೆಚೀಟಿಯಲ್ಲಿರುವುದು ಅವರದೇ ಬರಹ.

ಇನ್ನು ಆ ಹುಡುಗನ ಪ್ರಶ್ನೆ. ಅವನು ತೋರಿಸಿದ್ದು ಕಲಾವಿದ ಎಲ್ ಸೀದ್ 2016ರಲ್ಲಿ ಕೈರೋದಲ್ಲಿ ಬರೆದ ಚಿತ್ರ. ಊರಿನ ಕಸ ಎತ್ತುವವರ ಬಡಾವಣೆಯ ಸುಮಾರು 50 ಕಟ್ಟಡಗಳ ಮೇಲೆ ಚೂರುಚೂರಾಗಿ ಬರೆದಿದ್ದಾರೆ. ಮುಕತ್ತಮ್ ಬೆಟ್ಟದ ಮೇಲೆ ನಿಂತರೆ ಮಾತ್ರ ಪೂರ್ತಿ ಕಾಣುತ್ತದೆ. ಬರೆದಿರುವುದು ಕ್ರೈಸ್ತ ಧರ್ಮಗುರು ಅಥನೇಸಿಯಸ್ ಅವರ ಮಾತು. ಬಿಸಿಲನ್ನು ಸರಿಯಾಗಿ ನೋಡಬೇಕು ಅನ್ನುವವನು ಮೊದಲು ತನ್ನ ಕಣ್ಣು ಒರೆಸಿಕೊಳ್ಳಲಿ ಅನ್ನೋದು ಅದರ ಅರ್ಥ. ಚುಕ್ಕಿಯ ಲೆಕ್ಕಕ್ಕೆ ಇದು ಕೂರುವುದಿಲ್ಲ, ಹಾಗಾಗಿ ಸಂಪ್ರದಾಯದ ಅರ್ಥದಲ್ಲಿ ಖತ್ ಅಲ್ಲ. ಆದರೆ ಅರಬಿ ಅಕ್ಷರ ಇವತ್ತು ಏನೇನು ಮಾಡಬಲ್ಲದು ಅಂತ ಅವನಿಗೆ ಗೊತ್ತಾಗಿದೆ, ಅಲ್ವಾ? ಅವನನ್ನು ಸುಮ್ನೆ ಬಿಡಬೇಡಿ. ಮುಂದಿನ ಬೆಂಚಿನಲ್ಲಿ ಕೂರಿಸಿ.

ಕಲಮ್ ಸಿಗುವ ತನಕ ಎರಡು ಪೆನ್ಸಿಲ್ ಸೇರಿಸಿ ಕಟ್ಟಿ ಕೊಡಿ, ಅಗಲ ತುದಿಯ ಎರಡು ಅಂಚೂ ಕಾಣುತ್ತವೆ. ಮೊದಲ ಪಾಠವಾಗಿ ಉಸ್ಮಾನಿ (ಒಟ್ಟೊಮನ್ ತುರ್ಕಿಯ) ಉಸ್ತಾದರು ಬರೆಸುತ್ತಿದ್ದ ಸಾಲನ್ನೇ ಬರೆಸಿ: ರಬ್ಬಿ ಯಸ್ಸಿರ್ ವಲಾ ತುಅಸ್ಸಿರ್. ಒಡೆಯನೇ, ಸುಲಭ ಮಾಡು, ಕಷ್ಟ ಮಾಡಬೇಡ. ಈ ಒಂದು ಸಾಲಿಗೇ ತಿಂಗಳುಗಳು ಹಿಡಿಯಬಹುದು, ಅವಸರ ಬೇಡ. ಮೊದಲ ವಾರದ ಹಾಳೆ ಎಸೆಯದೆ ತೆಗೆದಿಡಿ. ಹತ್ತನೇ ವಾರದ ಹಾಳೆಯ ಜೊತೆಗಿಟ್ಟು ಕಮಿಟಿಗೆ ತೋರಿಸಿ. ನನಗೂ ಒಂದು ಫೋಟೊ ಕಳಿಸಿ.

— ಸಂಪಾದಕ